ಇದು ಎಷ್ಟು ಹೊತ್ತಿನ ಸತ್ಯ?

ಮೈಸೂರಿನ ಸಿಟಿ ಬಸ್ಸುಗಳಿಗೆ 2012ರಲ್ಲಿ ಜಿಪಿಎಸ್ ಬಂತು. ವಿಶ್ವಬ್ಯಾಂಕ್ ಮತ್ತು ಗ್ಲೋಬಲ್ ಎನ್ವಿರಾನ್‌ಮೆಂಟ್ ಫೆಸಿಲಿಟಿಯ ನೆರವಿನಿಂದ ಕೆಎಸ್‌ಆರ್‌ಟಿಸಿ ಜಾರಿಗೆ ತಂದ ‘ಮಿತ್ರ’ ಎಂಬ ಆ ಯೋಜನೆಗೆ ಸುಮಾರು 500 ಬಸ್ಸುಗಳೂ ನೂರಕ್ಕೂ ಹೆಚ್ಚು ತಂಗುದಾಣಗಳೂ ಸೇರಿದ್ದವು. ಬಸ್ಸಿನಲ್ಲಿ ಕೂರಿಸಿದ ಪೆಟ್ಟಿಗೆ ಉಪಗ್ರಹಗಳ ಸಂಕೇತ ಹಿಡಿದು ತಾನೆಲ್ಲಿದ್ದೇನೆಂದು ಕಂಡುಕೊಳ್ಳುತ್ತಿತ್ತು, ಮೊಬೈಲ್ ಜಾಲದ ಮೂಲಕ ಅದನ್ನು ನಿಯಂತ್ರಣ ಕೇಂದ್ರಕ್ಕೆ ಕಳಿಸುತ್ತಿತ್ತು. ಅಲ್ಲಿನ ತಂತ್ರಾಂಶ ಲೆಕ್ಕ ಹಾಕಿ ಬಸ್ಸು ಇನ್ನೆಷ್ಟು ನಿಮಿಷಕ್ಕೆ ಬಂದೀತೆಂದು ತಂಗುದಾಣದ ಫಲಕದಲ್ಲಿ ಮೂಡಿಸುತ್ತಿತ್ತು.

ಚಾಮುಂಡಿ ಬೆಟ್ಟಕ್ಕೆ ಹೋಗುವ 201ನೇ ನಂಬರಿನ ಬಸ್ಸು ‘4 ನಿಮಿಷ’ ಎಂದು ಫಲಕ ಹೇಳಿತೆನ್ನಿ. ಆ ನಾಲ್ಕು ನಿಮಿಷ ನಿಜವಾಗಿದ್ದದ್ದು ಯಾವಾಗ? ನಾವು ಓದಿದಾಗಲ್ಲ. ಪೆಟ್ಟಿಗೆ ತನ್ನ ಜಾಗ ಅಳೆದ ಗಳಿಗೆಗೂ ಫಲಕದ ದೀಪ ಹೊತ್ತಿದ ಗಳಿಗೆಗೂ ನಡುವೆ ಎಷ್ಟೋ ಸೆಕೆಂಡುಗಳು ಕಳೆದಿರುತ್ತವೆ. ಅಷ್ಟರಲ್ಲಿ ಬಸ್ಸು ಕೆ.ಆರ್. ಸರ್ಕಲ್ಲಿನ ಸಿಗ್ನಲ್ ದಾಟಿರಬಹುದು, ಇಲ್ಲವೇ ಅಲ್ಲೇ ಸಿಕ್ಕಿಹಾಕಿಕೊಂಡಿರಬಹುದು. ದೂರದಿಂದ ಬಂದ ಮಾಹಿತಿಯೆಲ್ಲ ಕೈ ಸೇರುವ ಹೊತ್ತಿಗೆ ಒಂದಿಷ್ಟು ಹಳತಾಗಿಯೇ ಇರುತ್ತದೆ. ಕೆಲವು ಮಾಹಿತಿಗೆ ಅದರಿಂದ ಏನೂ ನಷ್ಟವಿಲ್ಲ, ಕೆಲವಕ್ಕೆ ಹತ್ತು ಸೆಕೆಂಡಿನಲ್ಲೇ ಬೆಲೆ ಹೋಗುತ್ತದೆ. ವೆಬ್ ತಂತ್ರಜ್ಞಾನದಲ್ಲಿ ‘ಕ್ಯಾಶ್ ಮಾಡುವುದು’ ಎನ್ನುವ ಕೆಲಸದ ತಿರುಳು ಇಲ್ಲಿದೆ. ಒಮ್ಮೆ ತರಿಸಿದ ಉತ್ತರವನ್ನು ಹತ್ತಿರದಲ್ಲೇ ಇಟ್ಟುಕೊಂಡು ಮತ್ತೆ ಬಳಸುವುದು ಸುಲಭ. ಯಾವ ಉತ್ತರ ಎಷ್ಟು ಹೊತ್ತು ನಿಜ ಎಂದು ಗೊತ್ತುಮಾಡುವುದು ಕಷ್ಟ, ಅದನ್ನು ಕಂಪ್ಯೂಟರು ತಾನಾಗಿ ತಿಳಿಯಲಾರದು. ಊರನ್ನು ಬಲ್ಲವರು ಹೇಳಿಕೊಡಬೇಕು.

ಈ ಅಧ್ಯಾಯದ ಉದ್ದಕ್ಕೂ ಒಂದು ವೆಬ್ ಆ್ಯಪ್ ಕಟ್ಟುತ್ತಿದ್ದೇವೆಂದು ಭಾವಿಸೋಣ. ಮೈಸೂರಿನ ಬಸ್ಸುಗಳನ್ನು ಮೊಬೈಲಿನಲ್ಲಿ ತೋರಿಸುವ, ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ಪುಟ್ಟ ಆ್ಯಪ್.

ಮೊದಲು ಒಂದು ಕೋರಿಕೆಗೆ ತಗಲುವ ಖರ್ಚು ನೋಡೋಣ. ಬ್ರೌಸರು ಸರ್ವರಿಗೆ ‘ಇದನ್ನು ಕೊಡು’ ಎಂದು ಕೇಳುವ, ಸರ್ವರು ‘ತಗೋ’ ಎಂದು ಕೊಡುವ ಮಾತುಕತೆಯ ನಿಯಮಗಳೇ ಎಚ್‌ಟಿಟಿಪಿ. ಮಾತು ಸಾಗುವುದು ಹೆಚ್ಚಿನ ದೂರ ಗಾಜಿನ ಎಳೆಗಳಲ್ಲಿ, ಬೆಳಕಾಗಿ. ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಸರ್ವರು ಮುಂಬೈಯಲ್ಲಿದ್ದು ಕೇಬಲ್ಲಿನ ದೂರ ಸಾವಿರ ಕಿಲೋಮೀಟರ್ ಆಗಿದ್ದರೆ ಹೋಗಿಬರಲು 10 ಮಿಲಿಸೆಕೆಂಡ್. ಅಮೆರಿಕದ ಪೂರ್ವ ಕರಾವಳಿಯಲ್ಲಿದ್ದರೆ, 14 ಸಾವಿರ ಕಿಲೋಮೀಟರ್ ಎಂದುಕೊಂಡರೂ, 140 ಮಿಲಿಸೆಕೆಂಡ್. ಇದು ಭೌತಶಾಸ್ತ್ರ ಹಾಕಿದ ಗೆರೆ, ಯಾವ ಕಂಪನಿಯೂ ಇದಕ್ಕಿಂತ ಬೇಗ ಉತ್ತರ ತರಲಾರದು. ಅದೂ ಒಂದೇ ಸುತ್ತಿನಲ್ಲಿ ಮುಗಿಯುವುದಿಲ್ಲ. ಹೊಸ ಸಂಪರ್ಕವಾದರೆ ‘ಇದ್ದೀಯಾ?’ ‘ಇದ್ದೇನೆ’ ಎಂಬ ಪರಿಚಯಕ್ಕೆ ಒಂದು ಸುತ್ತು, ಗುಟ್ಟಿನ ಕೀಲಿ ಹಂಚಿಕೊಳ್ಳಲು ಇನ್ನೊಂದು, ನಿಜವಾದ ಪ್ರಶ್ನೆಗೆ ಮತ್ತೊಂದು. ಅಮೆರಿಕದ ಸರ್ವರಾದರೆ ಅಲ್ಲಿಗೇ ಅರ್ಧ ಸೆಕೆಂಡಿನ ಹತ್ತಿರ. ಹೊಸ ಎಚ್‌ಟಿಟಿಪಿ-3 ಮೊದಲೆರಡು ಸುತ್ತುಗಳನ್ನು ಒಂದಾಗಿಸಿದೆ, ಆದರೆ ದೂರವನ್ನು ಕಡಿಮೆ ಮಾಡಲು ಅದಕ್ಕೂ ಆಗುವುದಿಲ್ಲ. ಅದೇ ಉತ್ತರ ಫೋನಿನಲ್ಲೇ ಇದ್ದರೆ ಕಣ್ಣು ಮಿಟುಕಿಸುವುದರೊಳಗೆ ಸಿಗುತ್ತದೆ, ಡೇಟಾ ಖರ್ಚೂ ಇಲ್ಲ.

1991ರ ಮೊದಲ ಎಚ್‌ಟಿಟಿಪಿಯಲ್ಲಿ ಕೋರಿಕೆ ಎಂದರೆ ಒಂದೇ ಒಂದು ಸಾಲು. ಈ ಉತ್ತರ ಎಂದಿನದು, ಎಂದಿನವರೆಗೆ ನಡೆಯುತ್ತದೆ ಎಂದು ಹೇಳುವ ದಾರಿಯೇ ಅದರಲ್ಲಿರಲಿಲ್ಲ. ವೆಬ್ ಬೆಳೆದಂತೆ ಅದು ಬೇಕೇ ಬೇಕಾಯಿತು. 1996ರ ಆವೃತ್ತಿ ‘ಇಂಥ ದಿನಾಂಕದ ಮೇಲೆ ಬದಲಾಗಿದ್ದರೆ ಮಾತ್ರ ಕೊಡು’ ಎಂದು ಕೇಳುವುದನ್ನು ಕಲಿಸಿತು. 1997ರ ಜನವರಿಯಲ್ಲಿ ರಾಯ್ ಫೀಲ್ಡಿಂಗ್ ಮತ್ತು ಸಂಗಡಿಗರು ಪ್ರಕಟಿಸಿದ ಎಚ್‌ಟಿಟಿಪಿ 1.1 ಎರಡು ದೊಡ್ಡ ಸಾಧನಗಳನ್ನು ಕೊಟ್ಟಿತು. ಇಂದಿಗೂ ವೆಬ್ಬಿನ ಕ್ಯಾಶ್ ನಿಂತಿರುವುದು ಆ ಎರಡರ ಮೇಲೆ.

ಒಂದು, ‘ಕ್ಯಾಶ್-ಕಂಟ್ರೋಲ್’ ಎಂಬ ಶೀರ್ಷಿಕೆ. ಉತ್ತರದ ತಲೆಯಲ್ಲಿ ಸರ್ವರು ‘ಮ್ಯಾಕ್ಸ್-ಏಜ್ 3600’ ಎಂದು ಬರೆದರೆ ಮುಂದಿನ ಒಂದು ಗಂಟೆ ಬ್ರೌಸರು ಆ ಪ್ರಶ್ನೆಯನ್ನು ಮತ್ತೆ ಕೇಳಲು ಹೋಗುವುದಿಲ್ಲ, ಇಟ್ಟುಕೊಂಡ ಉತ್ತರವನ್ನೇ ಕೊಡುತ್ತದೆ. ಇನ್ನೊಂದು, ‘ಈಟ್ಯಾಗ್’. ಅದು ಉತ್ತರದ ಬೆರಳಚ್ಚು. ಗಂಟೆ ಕಳೆದ ಮೇಲೆ ಬ್ರೌಸರು ಆ ಬೆರಳಚ್ಚನ್ನು ಹಿಡಿದು ಮತ್ತೆ ಸರ್ವರಿನ ಬಳಿ ಹೋಗುತ್ತದೆ. ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರಿನಲ್ಲಿ ನಡೆಯುವ ಮಾತಿನ ಹಾಗೆಯೇ ಇದು: “ಸಾರ್, ನನ್ನ ಹತ್ರ ಇರೋ ಟೈಮ್ ಟೇಬಲ್ಲೇ ಇನ್ನೂ ನಡೀತಿದ್ಯಾ?” “ಅದೇ ಇದೆ, ಹೋಗಮ್ಮ.” ಸರ್ವರಿನ ಭಾಷೆಯಲ್ಲಿ ‘ಅದೇ ಇದೆ, ಹೋಗಮ್ಮ’ ಎಂಬುದಕ್ಕೆ 304 ಎಂಬ ಸಂಖ್ಯೆ. ಇಡೀ ವೇಳಾಪಟ್ಟಿಯನ್ನು ಮತ್ತೆ ಕಳಿಸುವ ಬದಲು ಮೂರಂಕಿ ಮತ್ತು ಒಂದೆರಡು ಶೀರ್ಷಿಕೆ. ಸರಕು ಸಾಗಿಸುವುದು ತಪ್ಪಿತು, ಹೋಗಿಬರುವ ಪ್ರಯಾಣ ಮಾತ್ರ ತಪ್ಪಲಿಲ್ಲ. ಆದ್ದರಿಂದಲೇ ಮ್ಯಾಕ್ಸ್-ಏಜ್ ಮತ್ತು ಈಟ್ಯಾಗ್ ಎರಡೂ ಬೇಕು.

ಸರ್ವರು ಏನನ್ನೂ ಹೇಳದೆ ಸುಮ್ಮನಿದ್ದರೆ? ಬ್ರೌಸರು ಇಟ್ಟುಕೊಳ್ಳುವುದಿಲ್ಲ ಎಂದು ತುಂಬ ಮಂದಿ ನಂಬಿದ್ದಾರೆ. ಹಾಗಲ್ಲ, ಅದು ಊಹಿಸುತ್ತದೆ. ಕಡತ ಕಡೆಯದಾಗಿ ಬದಲಾಗಿ ಎಷ್ಟು ಕಾಲವಾಯಿತೋ ಅದರ ಹತ್ತನೇ ಒಂದು ಭಾಗದಷ್ಟು ಕಾಲ ತಾಜಾ ಎಂದುಕೊಳ್ಳುವುದು ರೂಢಿ. ನೂರು ದಿನಗಳಿಂದ ಬದಲಾಗದ ವೇಳಾಪಟ್ಟಿಯನ್ನು ಇನ್ನೂ ಹತ್ತು ದಿನ ನಂಬುತ್ತದೆ. ನೂರೊಂದನೇ ದಿನ ಕೆಎಸ್‌ಆರ್‌ಟಿಸಿ ವೇಳೆ ಬದಲಿಸಿದರೆ ಆ ಪ್ರಯಾಣಿಕರಿಗೆ ವಾರಕ್ಕೂ ಹೆಚ್ಚು ಕಾಲ ತಪ್ಪು ವೇಳೆಯೇ ಕಾಣುತ್ತಿರುತ್ತದೆ. ಏನೂ ಹೇಳದಿರುವುದು ಇಲ್ಲಿ ನಿರ್ಲಕ್ಷ್ಯ. ಪ್ರತಿಯೊಂದು ಉತ್ತರಕ್ಕೂ ಆಯಸ್ಸು ಬರೆದೇ ಕಳಿಸಬೇಕು.

ಹಾಗಾದರೆ ನಮ್ಮ ಆ್ಯಪ್‌ನ ಮಾಹಿತಿಗೆ ಆಯಸ್ಸು ಬರೆಯೋಣ. ತಂಗುದಾಣಗಳ ಹೆಸರು, ಜಾಗ ವರ್ಷಗಟ್ಟಲೆ ಬದಲಾಗುವುದಿಲ್ಲ. ಆದರೂ ಬದಲಾಗುವ ದಿನವೊಂದು ಬಂದೇ ಬರುತ್ತದೆ. ನಗರದ ಇಂಗ್ಲಿಷ್ ಹೆಸರೇ 2014ರ ನವೆಂಬರ್ 1ರಂದು ಬದಲಾಯಿತಲ್ಲ! ಇಂಥದ್ದಕ್ಕೆ ಒಳ್ಳೆಯ ಉಪಾಯ, ಕಡತದ ಹೆಸರಿನಲ್ಲೇ ಅದರ ಬೆರಳಚ್ಚನ್ನು ಸೇರಿಸಿ, ಒಂದು ವರ್ಷ ಅಂದರೆ 3,15,36,000 ಸೆಕೆಂಡು ಇಟ್ಟುಕೋ ಎಂದುಬಿಡುವುದು. ಪಟ್ಟಿ ಬದಲಾದರೆ ಬೆರಳಚ್ಚು ಬದಲಾಗುತ್ತದೆ, ಕಡತದ ಹೆಸರೂ ಹೊಸದಾಗುತ್ತದೆ. ಹಳೆಯದು ಎಲ್ಲೋ ಉಳಿದಿದ್ದರೂ ಅದನ್ನು ಯಾರೂ ಕೇಳುವುದಿಲ್ಲ. ಯಾವ ಹೆಸರಿನ ಕಡತ ಈಗ ಚಾಲ್ತಿಯಲ್ಲಿದೆ ಎಂದು ಹೇಳುವ ಚಿಕ್ಕ ಪುಟವೊಂದನ್ನು ಮಾತ್ರ ಪ್ರತಿಸಲ ವಿಚಾರಿಸಬೇಕು. ಅದಕ್ಕೆ ‘ನೋ-ಕ್ಯಾಶ್’ ಎಂಬ ಆಜ್ಞೆ. ಇಟ್ಟುಕೋ, ಆದರೆ ಬಳಸುವ ಮುನ್ನ ಕೇಳು ಎಂದು ಅದರ ಅರ್ಥ. ಇಟ್ಟುಕೊಳ್ಳಲೇಬೇಡ ಎನ್ನಲು ‘ನೋ-ಸ್ಟೋರ್’ ಎಂಬ ಬೇರೆಯದೇ ಆಜ್ಞೆ ಇದೆ. ಟಿಕೆಟ್ ದರ, ವೇಳಾಪಟ್ಟಿಗಳಿಗೆ ಕೆಲವು ಗಂಟೆ ಸಾಕು.

ಚಲಿಸುವ ಬಸ್ಸಿನ ಜಾಗಕ್ಕೆ? ಹತ್ತು ಸೆಕೆಂಡು ಎನ್ನೋಣ. ಇಷ್ಟು ಚಿಕ್ಕ ಆಯಸ್ಸಿನಿಂದ ಏನು ಉಪಯೋಗ ಎನಿಸಬಹುದು. ಹತ್ತು ಸಾವಿರ ಜನ ಒಂದೇ ಮಾರ್ಗದ ಬಸ್ಸನ್ನು ನೋಡುತ್ತಿದ್ದಾರೆ, ಎಲ್ಲರ ಫೋನೂ ಹತ್ತು ಸೆಕೆಂಡಿಗೊಮ್ಮೆ ಕೇಳುತ್ತಿದೆ ಎಂದುಕೊಳ್ಳಿ. ಸರ್ವರಿಗೆ ಸೆಕೆಂಡಿಗೆ ಸಾವಿರ ಪ್ರಶ್ನೆ. ನಡುವೆ ಎಲ್ಲರಿಗೂ ಸೇರಿದ ಒಂದು ಹಂಚಿಕೆಯ ಕ್ಯಾಶ್ ಕೂರಿಸಿ, ಅದಕ್ಕೆ ಹತ್ತು ಸೆಕೆಂಡಿನ ಆಯಸ್ಸು ಕೊಟ್ಟರೆ ಮೂಲ ಸರ್ವರಿಗೆ ತಲುಪುವುದು ಹತ್ತು ಸೆಕೆಂಡಿಗೆ ಒಂದೇ ಪ್ರಶ್ನೆ. ಸಣ್ಣ ಊರಿನ ಸಣ್ಣ ಸರ್ವರು ದೊಡ್ಡ ಜನಸಂದಣಿಯನ್ನು ತಾಳಿಕೊಳ್ಳುವುದು ಹೀಗೆ.

ಆದರೆ ಇಲ್ಲಿ ಸೂಕ್ಷ್ಮವೊಂದಿದೆ, ಬಹಳ ಆ್ಯಪ್‌ಗಳು ಎಡವುವುದೂ ಇಲ್ಲೇ. ಉತ್ತರ ಎಷ್ಟು ಹೊತ್ತಿನಿಂದ ಕ್ಯಾಶ್‌ನಲ್ಲಿದೆ ಎಂಬುದನ್ನು ‘ಏಜ್’ ಎಂಬ ಶೀರ್ಷಿಕೆ ಹೇಳುತ್ತದೆ. ಎಚ್‌ಟಿಟಿಪಿಗೆ ಗೊತ್ತಿರುವುದು ಸರ್ವರು ಮಾತಾಡಿದ ಸಮಯ. ಬಸ್ಸು ಮಾತಾಡಿದ ಸಮಯ ಅದಕ್ಕೆ ಗೊತ್ತಿಲ್ಲ. ಬಸ್ಸು ಸಿಗ್ನಲ್ ಸಿಗದ ಜಾಗದಲ್ಲಿ ಆರು ನಿಮಿಷ ಇದ್ದರೆ, ಸರ್ವರು ಆರು ನಿಮಿಷದ ಹಿಂದಿನ ಜಾಗವನ್ನೇ ಈಗಷ್ಟೇ ಬೆಂದ ಇಡ್ಲಿಯಂತೆ ಬಡಿಸುತ್ತದೆ, ಕ್ಯಾಶ್ ಅದನ್ನು ತಾಜಾ ಎಂದೇ ನಂಬುತ್ತದೆ. ಹಾಗಾಗಿ ಜಿಪಿಎಸ್ ಅಳೆದ ಹೊತ್ತನ್ನು ಮಾಹಿತಿಯ ಒಳಗೇ ಬರೆದು ಕಳಿಸಬೇಕು, ಪರದೆಯ ಮೇಲೆ ‘40 ಸೆಕೆಂಡಿನ ಹಿಂದೆ’ ಎಂದು ತೋರಿಸಬೇಕು. ಎರಡು ನಿಮಿಷಕ್ಕಿಂತ ಹಳತಾದರೆ ಬಸ್ಸಿನ ಗುರುತನ್ನು ನಕ್ಷೆಯಿಂದ ತೆಗೆದೇಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಮಳೆಯಲ್ಲಿ ಮಗುವನ್ನು ಎತ್ತಿಕೊಂಡು ಕಾಯುತ್ತಿರುವವರಿಗೆ ‘ಗೊತ್ತಿಲ್ಲ’ ಎಂದರೆ ಅವರು ಆಟೊ ಹಿಡಿದಾರು. ಸುಳ್ಳು ‘2 ನಿಮಿಷ’ ಅವರನ್ನು ಅಲ್ಲೇ ನಿಲ್ಲಿಸಿಬಿಡುತ್ತದೆ.

ಇನ್ನು ಜಾವಾಸ್ಕ್ರಿಪ್ಟ್‌ಗೆ ಬರೋಣ. 1995ರಲ್ಲಿ ಹುಟ್ಟಿದ ಈ ಭಾಷೆಗೆ ಮೊದಮೊದಲು ತಾನಾಗಿ ಸರ್ವರನ್ನು ಮಾತಾಡಿಸಲು ಬರುತ್ತಿರಲಿಲ್ಲ. ಹೊಸ ಮಾಹಿತಿ ಬೇಕೆಂದರೆ ಇಡೀ ಪುಟವನ್ನೇ ಮತ್ತೆ ತರಿಸಬೇಕಿತ್ತು. 1999ರಲ್ಲಿ ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಆ ಬಾಗಿಲು ತೆರೆಯಿತು. 2015ರ ಹೊತ್ತಿಗೆ ಬ್ರೌಸರುಗಳಲ್ಲಿ ‘ಫೆಚ್’ ಬಂತು, ಇಂದು ಎಲ್ಲರೂ ಬಳಸುವುದು ಅದನ್ನೇ. ಫೆಚ್ ಕರೆದ ತಕ್ಷಣ ಉತ್ತರ ಸಿಗುವುದಿಲ್ಲ, ‘ಪ್ರಾಮಿಸ್’ ಸಿಗುತ್ತದೆ. ಉತ್ತರ ಬರುತ್ತದೆ, ಬಂದಾಗ ತಿಳಿಸುತ್ತೇನೆ ಎಂಬ ಭರವಸೆಯ ಚೀಟಿ ಅದು. ಹೊಸಬರನ್ನು ಕಾಡುವ ಗುಣವೊಂದು ಇದಕ್ಕಿದೆ. ಸರ್ವರು 404 ಎಂದರೂ, 500 ಎಂದು ಕುಸಿದರೂ ಫೆಚ್‌ನ ಲೆಕ್ಕದಲ್ಲಿ ಭರವಸೆ ಈಡೇರಿದಂತೆಯೇ. ಜಾಲ ಕಡಿದುಹೋದರೆ ಮಾತ್ರ ಅದು ಸೋಲು. ಬಂದ ಉತ್ತರ ‘ಓಕೆ’ ಹೌದೋ ಅಲ್ಲವೋ ಎಂದು ನಾವೇ ನೋಡಬೇಕು.

ಈಗ ಒಂದು ಸೊಗಸಾದ ತಂತ್ರ. ನಮ್ಮ ಪುಟದಲ್ಲಿ ನಕ್ಷೆ, ಪಟ್ಟಿ, ಹುಡುಕುವ ಪೆಟ್ಟಿಗೆ ಮೂರಕ್ಕೂ ತಂಗುದಾಣಗಳ ಹೆಸರು ಬೇಕು. ಮೂರೂ ಒಂದೇ ಗಳಿಗೆಯಲ್ಲಿ ಕೇಳಿದರೆ ಮೂರು ಫೆಚ್ ಹೊರಡುತ್ತವೆ. ‘ಬಂದ ಉತ್ತರವನ್ನು ಇಟ್ಟುಕೊಳ್ಳೋಣ’ ಎಂದರೆ ಕೆಲಸವಾಗದು, ಮೊದಲನೆಯ ಉತ್ತರವೇ ಇನ್ನೂ ಬಂದಿಲ್ಲವಲ್ಲ. ಇಟ್ಟುಕೊಳ್ಳಬೇಕಾದದ್ದು ಉತ್ತರವನ್ನಲ್ಲ, ಪ್ರಾಮಿಸನ್ನು. ಮೊದಲು ಕೇಳಿದವರ ಚೀಟಿಯನ್ನು ಒಂದು ‘ಮ್ಯಾಪ್’ನಲ್ಲಿಟ್ಟು ಉಳಿದಿಬ್ಬರಿಗೂ ಅದನ್ನೇ ಕೊಟ್ಟರೆ ಒಂದೇ ಕೋರಿಕೆ ಹೋಗುತ್ತದೆ, ಮೂವರಿಗೂ ಏಕಕಾಲಕ್ಕೆ ಉತ್ತರ ಸಿಗುತ್ತದೆ. ಆದರೆ ಭರವಸೆ ಮುರಿದುಬಿದ್ದರೆ ಆ ಚೀಟಿಯನ್ನು ಕೂಡಲೇ ಹರಿದೆಸೆಯಬೇಕು. ಇಲ್ಲವಾದರೆ ಒಂದು ಕ್ಷಣ ಸಿಗ್ನಲ್ ಹೋದದ್ದನ್ನೇ ಆ್ಯಪ್ ಪುಟ ಮುಚ್ಚುವವರೆಗೂ ನೆನಪಿಟ್ಟುಕೊಂಡು, ಕೇಳಿದಾಗಲೆಲ್ಲ ಸೋಲನ್ನೇ ಕೊಡುತ್ತದೆ.

ಹುಡುಕುವ ಪೆಟ್ಟಿಗೆಯದು ಬೇರೆಯೇ ಸಮಸ್ಯೆ. ಪ್ರಯಾಣಿಕರೊಬ್ಬರು ‘ಚಾಮುಂಡಿ’ ಎಂದು ಟೈಪ್ ಮಾಡುತ್ತಾರೆ. ಯೂನಿಕೋಡ್‌ನಲ್ಲಿ ಇದು ಏಳು ಚಿಹ್ನೆ: ಚ, ದೀರ್ಘ, ಮ, ಉಕಾರದ ಕೊಂಬು, ಸೊನ್ನೆ, ಡ, ಗುಡಿಸು. ಪ್ರತಿ ಒತ್ತಿಗೂ ಹುಡುಕಾಟ ಶುರುವಾದರೆ ಏಳು ಕೋರಿಕೆ. ಹೊರಟ ಕ್ರಮದಲ್ಲೇ ಉತ್ತರಗಳು ಮರಳಬೇಕೆಂಬ ನಿಯಮವಿಲ್ಲ. ‘ಚಾಮ’ ಎಂಬಲ್ಲಿಗೆ ಹೋದ ಕೋರಿಕೆ ತಡವಾಗಿ, ಎಲ್ಲಕ್ಕೂ ಕೊನೆಗೆ ಬಂತೆಂದರೆ ಪೆಟ್ಟಿಗೆಯಲ್ಲಿ ‘ಚಾಮುಂಡಿ’ ಇದ್ದರೂ ಪಟ್ಟಿಯ ಮೇಲ್ತುದಿಯಲ್ಲಿ ಚಾಮರಾಜಪುರಂ ಕೂತಿರುತ್ತದೆ. ಎರಡು ಕ್ರಮಗಳು ಇದನ್ನು ಸರಿಪಡಿಸುತ್ತವೆ. ಬೆರಳು ಒಂದಿಷ್ಟು ಹೊತ್ತು, ಕಾಲು ಸೆಕೆಂಡಿನಷ್ಟು, ನಿಂತ ಮೇಲೆ ಮಾತ್ರ ಕೋರಿಕೆ ಕಳಿಸುವುದು. ಹೊಸದನ್ನು ಕಳಿಸುವ ಮೊದಲು ‘ಅಬಾರ್ಟ್ ಕಂಟ್ರೋಲರ್’ ಬಳಸಿ ಹಳೆಯದನ್ನು ರದ್ದು ಮಾಡುವುದು.

ಕನ್ನಡಿಗರು ವಿಶೇಷವಾಗಿ ತಿಳಿದಿರಬೇಕಾದ ಸಂಗತಿಯೊಂದು ಈ ಪೆಟ್ಟಿಗೆಯಲ್ಲೇ ಅಡಗಿದೆ. ಇಂಗ್ಲಿಷಿನಲ್ಲಿ ಬರೆದ ಪುಸ್ತಕಗಳಲ್ಲಿ ಇದರ ಚರ್ಚೆ ಅಪರೂಪ, ಹಾಗಾಗಿ ಕೊಂಚ ವಿವರವಾಗಿಯೇ ಹೇಳುತ್ತೇನೆ. ಕ್ಯಾಶ್‌ನಿಂದ ಉತ್ತರ ಹುಡುಕಿ ತೆಗೆಯಲು ಬೇಕಾದ ಕೀಲಿ ಎಂದರೆ ವಿಳಾಸ, ಅಂದರೆ ಯುಆರ್‌ಎಲ್. ಅದರಲ್ಲಿ ‘ಮೈಸೂರು’ ಎಂಬ ಪದವಿದ್ದರೆ? ಈ ಪದಕ್ಕೆ ಆರು ಚಿಹ್ನೆ, ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟು, ಯುಆರ್‌ಎಲ್‌ನಲ್ಲಿ ಪ್ರತಿ ಬೈಟನ್ನೂ ಶೇಕಡಾ ಗುರುತಿನೊಡನೆ ಮೂರು ಅಕ್ಷರಗಳಾಗಿ ಬರೆಯುತ್ತಾರೆ. ಮೂರು ಅಕ್ಷರದ ಮೈಸೂರು ಜಾಲದ ಮೇಲೆ 54 ಅಕ್ಷರವಾಗಿ ಸಾಗುತ್ತದೆ. ಅದೇನೂ ತೊಂದರೆಯಲ್ಲ. ತೊಂದರೆ ಇರುವುದು ‘ಮೈ’ ಎಂಬಲ್ಲಿ. ಐಕಾರವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು. ಎಕಾರ ಹಾಕಿ, ಅದರ ಕೆಳಗಿನ ಐತ್ವದ ಗುರುತನ್ನು ಬೇರೆಯಾಗಿ ಸೇರಿಸಿ ಎರಡು ಚಿಹ್ನೆಯಾಗಿಯೂ ಬರೆಯಬಹುದು. ಯೂನಿಕೋಡ್ ಎರಡನ್ನೂ ಸಮಾನವೆಂದೇ ಒಪ್ಪುತ್ತದೆ, ಓದುವ ಕಣ್ಣಿಗೂ ಅವು ಒಂದೇ. ಕ್ಯಾಶ್‌ಗೆ ಮಾತ್ರ ಅವು ಬೇರೆ ಬೇರೆ ಬೈಟುಗಳ ಸಾಲು, ಬೇರೆ ಬೇರೆ ಊರು. ಈ, ಏ, ಒ, ಓ ಸ್ವರಚಿಹ್ನೆಗಳಿಗೂ ಇದೇ ಕತೆ.

ಪರಿಣಾಮ ಎರಡು ಬಗೆ. ಕೈಯಲ್ಲೇ ಇರುವ ಉತ್ತರಕ್ಕಾಗಿ ಮತ್ತೆ ಸರ್ವರಿನವರೆಗೆ ಹೋಗಬೇಕಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಹೊಸ ಮಾಹಿತಿ ಬಂದಾಗ ಒಂದು ಕೀಲಿಯ ಉತ್ತರ ಅಳಿಸಿ, ಇನ್ನೊಂದರದು ಹಳೆಯದೇ ಉಳಿದುಬಿಡುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಇದಕ್ಕೆ 2015ರಿಂದ ‘ನಾರ್ಮಲೈಜ್’ ಎಂಬ ಸಿದ್ಧ ಸಾಧನವಿದೆ. ಕೀಲಿ ಮಾಡುವ ಮೊದಲು ಪದವನ್ನು ಅದರ ಕೈಗೆ ಕೊಟ್ಟರೆ ಎರಡು ಚಿಹ್ನೆ ಒಂದಾಗಿ ಹೊರಬರುತ್ತದೆ. ಆದರೆ ಅದು ಮುಟ್ಟದ ಒಂದು ಚಿಹ್ನೆಯಿದೆ. ‘ರಾಜ್‌ಕುಮಾರ್ ರಸ್ತೆ’ ಎಂದು ಬರೆಯುವಾಗ ಜಕಾರ ಕಕಾರ ಒತ್ತಕ್ಷರವಾಗಿ ಬೆಸೆಯದಂತೆ ನಡುವೆ ಹಾಕುವ ಅಗೋಚರ ಚಿಹ್ನೆ ಅದು. ಪದದ ನಡುವೆ ಅದು ಬೇಕು. ‘ಸರ್ಕಲ್’ ಎಂಬಂಥ ಪದದ ಕೊನೆಯಲ್ಲಿ ಅದು ಸೇರಿಕೊಂಡಿದ್ದರೆ ಯಾರ ಕಣ್ಣಿಗೂ ಕಾಣದು, ಕೀಲಿ ಮಾತ್ರ ಬೇರೆಯಾಗಿರುತ್ತದೆ. ಪದದ ತುದಿಯ ಈ ಚಿಹ್ನೆಯನ್ನು ಕತ್ತರಿಸುವ ಒಂದು ಸಾಲನ್ನು ನಾವೇ ಬರೆದುಕೊಳ್ಳಬೇಕು. ಕನ್ನಡದ ಆ್ಯಪ್ ಕಟ್ಟುವ ಯಾರೂ ಇದನ್ನು ಬಿಡಬಾರದು.

ಕನ್ನಡದ ಅಕ್ಷರಶೈಲಿ ಅಂದರೆ ಫಾಂಟ್ ಕಡತದ ಬಗ್ಗೆಯೂ ಒಂದು ಮಾತು. ಹತ್ತಾರು ತಾಣಗಳು ಒಂದೇ ಕಡೆಯಿಂದ ಫಾಂಟ್ ತರಿಸಿದರೆ ಬಳಕೆದಾರರ ಫೋನಿಗೆ ಅದು ಒಮ್ಮೆ ಮಾತ್ರ ಇಳಿಯುತ್ತದೆ ಎಂಬುದು ಹಿಂದಿನ ಲೆಕ್ಕಾಚಾರ. ಆದರೆ ಒಂದು ಕಡತ ಎಷ್ಟು ಬೇಗ ಬಂತೆಂದು ಅಳೆದು, ನೀವು ಇನ್ಯಾವ ತಾಣಕ್ಕೆ ಹೋಗಿದ್ದಿರಿ ಎಂದು ಪತ್ತೆ ಹಚ್ಚಬಹುದು. ಈ ಗೂಢಚಾರಿಕೆ ತಡೆಯಲು ಕ್ರೋಮ್ ಬ್ರೌಸರು 2020ರಲ್ಲಿ ಪ್ರತಿ ತಾಣಕ್ಕೂ ಬೇರೆ ಕ್ಯಾಶ್ ಮಾಡಿತು, ಸಫಾರಿ ಅದಕ್ಕೂ ಮೊದಲೇ ಮಾಡಿತ್ತು. ಹಾಗಾಗಿ ಹಂಚಿಕೆಯ ಲಾಭ ಈಗಿಲ್ಲ. ಫಾಂಟನ್ನು ನಮ್ಮದೇ ಸರ್ವರಿನಲ್ಲಿಟ್ಟು ಒಂದು ವರ್ಷದ ಆಯಸ್ಸು ಕೊಡುವುದು ಮೇಲು.

ಎಂದಿಗೂ ಹಂಚಿಕೊಳ್ಳಬಾರದ ಉತ್ತರಗಳೂ ಇವೆ. ವಿಶ್ವವಿದ್ಯಾನಿಲಯದ ಫಲಿತಾಂಶದ ದಿನವನ್ನು ನೆನೆಯಿರಿ. ಒಬ್ಬ ವಿದ್ಯಾರ್ಥಿನಿಯ ಅಂಕಪಟ್ಟಿ ನಡುವಿನ ಕ್ಯಾಶ್‌ನಲ್ಲಿ ಕೂತು, ಲಾಗಿನ್ ಆದ ಮುಂದಿನ ವಿದ್ಯಾರ್ಥಿಗೂ ಅದೇ ಕಾಣಿಸಿದರೆ ಅದು ಘೋರ ಪ್ರಮಾದ. ಇಂಥ ಉತ್ತರಕ್ಕೆ ‘ಪ್ರೈವೇಟ್’ ಎಂದಾದರೂ ‘ನೋ-ಸ್ಟೋರ್’ ಎಂದಾದರೂ ಬರೆಯಲೇಬೇಕು. ಟಿಕೆಟ್ ಕೊಳ್ಳುವಂಥ ಕೆಲಸಕ್ಕೆ ‘ಗೆಟ್’ ಬದಲು ‘ಪೋಸ್ಟ್’ ಬಳಸುವುದೂ ಇದೇ ಎಚ್ಚರದಿಂದ. ಗೆಟ್ ಎಂದರೆ ಬರೀ ನೋಡುವುದು, ಎಷ್ಟು ಸಲ ಕೇಳಿದರೂ ಲೋಕದಲ್ಲಿ ಏನೂ ಬದಲಾಗದು. ಪೋಸ್ಟ್ ಎಂದರೆ ಏನೋ ಒಂದು ನಡೆಯುತ್ತದೆ.

ಕೊನೆಯದು, ಸಿಗ್ನಲ್ಲೇ ಇಲ್ಲದಾಗ ಏನು ಮಾಡುವುದೆಂಬ ಪ್ರಶ್ನೆ. ಇದಕ್ಕೆಂದೇ ‘ಸರ್ವಿಸ್ ವರ್ಕರ್’ ಇದೆ. ಪುಟಕ್ಕೂ ಜಾಲಕ್ಕೂ ನಡುವೆ ಫೋನಿನೊಳಗೇ ನಿಲ್ಲುವ ಜಾವಾಸ್ಕ್ರಿಪ್ಟ್ ಕಡತ ಅದು. ಪ್ರತಿ ಫೆಚ್ ಕೂಡ ಅದರ ಕೈ ದಾಟಿ ಹೋಗಬೇಕು. ಇಟ್ಟದ್ದನ್ನು ಕೊಡಬೇಕೋ, ಜಾಲಕ್ಕೆ ಹೋಗಬೇಕೋ, ಇಟ್ಟದ್ದನ್ನು ಕೊಟ್ಟು ಹಿಂದಿನಿಂದ ಹೊಸದನ್ನು ತರಿಸಬೇಕೋ ಎಂದು ಅದು ಒಂದೊಂದು ಕೋರಿಕೆಗೂ ಬೇರೆಯಾಗಿ ತೀರ್ಮಾನಿಸಬಲ್ಲದು. ತಂಗುದಾಣ, ಮಾರ್ಗಗಳಿಗೆ ಮೊದಲು ಕ್ಯಾಶ್. ಬಸ್ಸಿನ ಜಾಗಕ್ಕೆ ಜಾಲ ಮಾತ್ರ, ಸಿಗದಿದ್ದರೆ ಸಿಗಲಿಲ್ಲ ಎಂದೇ ತೋರಿಸುವುದು.

ಇದರ ನಿಜವಾದ ಪರೀಕ್ಷೆ ವಿಜಯದಶಮಿಯ ದಿನ. ಜಂಬೂ ಸವಾರಿ ಅರಮನೆಯಿಂದ ಹೊರಟು ಕೆ.ಆರ್. ಸರ್ಕಲ್, ಸಯ್ಯಾಜಿರಾವ್ ರಸ್ತೆಯ ಮೂಲಕ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್ ಸಾಗುತ್ತದೆ. ಸಿಟಿ ಬಸ್ ಸ್ಟ್ಯಾಂಡಿನ ಸುತ್ತಮುತ್ತ ಬಸ್ಸುಗಳು ಓಡುವ ದಾರಿಯೇ ಅಂದು ಬದಲಾಗುತ್ತದೆ. ಅಂದು ಫೋನುಗಳಲ್ಲಿ ಕೂತಿರುವ ಮಾರ್ಗಪಟ್ಟಿಯೆಲ್ಲ ತಪ್ಪು. ಹೊಸದನ್ನು ತರಿಸೋಣವೆಂದರೆ ಅಷ್ಟು ಜನರ ಫೋನುಗಳು ಒಂದೇ ಜಾಗದಲ್ಲಿ ಸೇರಿ ಮೊಬೈಲ್ ಜಾಲ ಉಸಿರುಗಟ್ಟಿರುತ್ತದೆ. ಅಂದರೆ ಕ್ಯಾಶ್ ಬಹಳ ಬೇಕಾದ ದಿನವೇ ಅದರೊಳಗಿನದು ಸುಳ್ಳು.

ಆಯಸ್ಸು ಕಡಿಮೆ ಮಾಡಿದರೆ ಇದು ಬಗೆಹರಿಯುವುದಿಲ್ಲ. ಮ್ಯಾಕ್ಸ್-ಏಜ್‌ಗೆ ತಿಳಿದಿರುವುದು ಉತ್ತರ ಬಂದು ಎಷ್ಟು ಹೊತ್ತಾಯಿತೆಂಬುದು ಮಾತ್ರ, ಹಬ್ಬ ಯಾವತ್ತು ಎಂಬುದಲ್ಲ. ಆದರೆ ದಸರಾ ಮುಂಚೆಯೇ ಗೊತ್ತಿರುವ ಬದಲಾವಣೆ, ದಿನಾಂಕ ಪಂಚಾಂಗದಲ್ಲೇ ಇದೆ. ಬದಲಿ ಮಾರ್ಗಗಳ ಪ್ರಕಟಣೆ ಹೊರಬಿದ್ದ ಕೂಡಲೇ ಪಟ್ಟಿಯ ಪ್ರತಿ ಮಾರ್ಗದ ಪಕ್ಕದಲ್ಲೂ ‘ಇಂಥ ದಿನದಿಂದ ಇಂಥ ದಿನದವರೆಗೆ’ ಎಂಬ ಎರಡು ದಿನಾಂಕ ಬರೆದು, ಎಂದಿನ ಮಾರ್ಗ, ವಿಜಯದಶಮಿಯ ಮಾರ್ಗ ಎರಡನ್ನೂ ಒಟ್ಟಿಗೆ ಕಳಿಸಬಹುದು. ಆ್ಯಪ್ ತೆರೆದಾಗ ಸರ್ವಿಸ್ ವರ್ಕರ್ ಹೊಸ ಪಟ್ಟಿಯನ್ನು ತುಂಬಿಕೊಂಡು ಹಳೆಯ ಕ್ಯಾಶನ್ನು ಅಳಿಸಿಬಿಡುತ್ತದೆ. ಆ ವಾರದಲ್ಲಿ ಒಮ್ಮೆಯಾದರೂ ಆ್ಯಪ್ ತೆರೆದವರ ಫೋನು, ಬನ್ನಿಮಂಟಪದಲ್ಲಿ ಒಂದು ಕಡ್ಡಿ ಸಿಗ್ನಲ್ಲೂ ಇಲ್ಲದೆ, ಗಡಿಯಾರ ನೋಡಿಯೇ ಸರಿಯಾದ ಮಾರ್ಗವನ್ನು ಆರಿಸುತ್ತದೆ. ಅಲ್ಲಿನ ಪಂಜಿನ ಕವಾಯತು ನೋಡಿ ಕುವೆಂಪುನಗರದ ಬಸ್ಸು ಎಲ್ಲಿ ನಿಲ್ಲುತ್ತದೆಂದು ಹುಡುಕುವವರಿಗೆ ಅಷ್ಟು ಸಾಕು.